ನರ್ಸಮ್ಮನ ಕಾರಿನ ಬಾಗಿಲು

ಗ್ಯಾರೇಜುಗಳ ಬೀದಿಯಲ್ಲಿ ಕಾರಿನ ತಗಡು ತಿದ್ದುವ ಆ ಟಿಂಕರನನ್ನು ಎಲ್ಲರೂ ಕರೆಯುವುದು ಯಾಕಣ್ಣ ಎಂದೇ. ಕಂಡದ್ದಕ್ಕೆಲ್ಲ ‘ಯಾಕೆ’ ಎನ್ನುವ ಚಾಳಿ. ಹಾಲು ಉಕ್ಕಿದರೆ ಒಲೆ ಆರಿಸುವ ಬದಲು, ನಿನ್ನೆ ಉಕ್ಕದ್ದು ಇವತ್ತು ಯಾಕೆ ಉಕ್ಕಿತು ಎಂದು ನಿಂತು ನೋಡುವ ಆಸಾಮಿ ಎಂದು ಹೆಂಡತಿ ಹೋದಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಳು. ತಗಡಿನ ಕೆಲಸಕ್ಕೆ ಮಾತ್ರ ಈ ಚಾಳಿ ಹೇಳಿ ಮಾಡಿಸಿದಂತಿತ್ತು. ತುಕ್ಕು ಹಿಡಿದ ಜಾಗ ಯಾರಿಗಾದರೂ ಕಾಣುತ್ತದೆ. ನೀರು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಇವನಿಗೆ ಉಂಡದ್ದು ಮೈಗೆ ಹತ್ತದು.

ಅಂಥವನ ಶೆಡ್ಡಿಗೆ ನರ್ಸಮ್ಮನ ಹಳೇ ಕಾರು ಬಂತು. ಹೆರಿಗೆಗೆ ಕರೆ ಬಂದಾಗಲೆಲ್ಲ ಅವರು ಹೊತ್ತುಗೊತ್ತಿಲ್ಲದೆ ಓಡಿಸಿದ್ದ ಕಾರು. ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ, ಕಾರಿನ ಬೆನ್ನೆಲುಬೇ ಆದ ತಗಡಿನ ಪೆಟ್ಟಿಗೆ ತುಕ್ಕು ತಿಂದು ಒಣ ಎಲೆಯಂತೆ ಪುಡಿಯಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ನರ್ಸಮ್ಮ ಮನೆ ಬದಲಿಸಿದ್ದರು. ಇಬ್ಬರೂ ಜೊತೆಗೆ ಕೂತಿದ್ದ ಜಾಗವೆಂದು ಉಳಿದದ್ದು ಇದೊಂದೇ.

“ನನ್ನ ಕಡೆ ಬಾಗಿಲು ಒಂದು ಬೆರಳಲ್ಲಿ ತಳ್ಳಿದ್ರೆ ಮುಚ್ಕೊಳ್ಳುತ್ತೆ. ರಿಪೇರಿ ಆದ್ಮೇಲೂ ಹಾಗೇ ಮುಚ್ಚಬೇಕು,” ಎಂದರು. “ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು ಮೇಸ್ತ್ರಿ, ಗುಜರಿಗೇ ಹೋಗ್ಲಿ.”

ಯಾಕಣ್ಣ ಬಾಗಿಲು ತಳ್ಳಿ ನೋಡಿದ. ಬೆಣ್ಣೆಯಂತೆ ಕೂತಿತು. ಬಾಗಿಲು ಸರಿಯಾಗಿ ಕೂತರೆ ಕಾರಿನ ಮೈ ಕುಸಿದಿಲ್ಲ ಎಂಬುದು ಟಿಂಕರರ ಲೆಕ್ಕ. ಅದನ್ನೇ ನಂಬಿ, ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟ.

ಅವರು ಹೋದ ಮೇಲೆ ಬಾಗಿಲು ಬಿಚ್ಚಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದರೆ ಅಳತೆ ತಾಳೆಯಾಗಲಿಲ್ಲ. ಕಾರು ನಡುವಲ್ಲಿ ಬಗ್ಗಿತ್ತು. ಮತ್ತೆ ಬಾಗಿಲು ಅಷ್ಟು ಸಲೀಸಾಗಿ ಮುಚ್ಚಿದ್ದು ಯಾಕೆ? ಬಗ್ಗಿದ ಮೈಗೆ ಹೊಸ ತಗಡು ಹೊಡೆಯುವುದು ಅವನ ಜಾಯಮಾನವಲ್ಲ. ಜಾಕಿ ಕೊಟ್ಟು ಮೈ ನೆಟ್ಟಗೆ ಮಾಡಿದ, ಅಲುಗದಂತೆ ಅಡ್ಡಕ್ಕೆ ಪೈಪು ಬೆಸೆದ, ಕೊಳೆತದ್ದನ್ನು ಕತ್ತರಿಸಿ ಹೊಸದನ್ನು ಕೂರಿಸಿದ. ಆಮೇಲೆ ಬಾಗಿಲು ತಗುಲಿಸಿ ನೋಡಿದರೆ, ಮೇಲ್ಗಡೆ ಬಾಗಿಲಿಗೂ ಅದು ಬಂದು ಕೂರುವ ಕಂಬಕ್ಕೂ ನಡುವೆ ಬೆರಳು ತೂರುವಷ್ಟು ಸಂದು.

ಬಾಗಿಲಿನ ಅಂಚಿನ ಬಣ್ಣ ಕೆರೆದ. ಒಂದರ ಮೇಲೊಂದು ಪದರ. ಪ್ರತಿ ಪದರದ ಕೆಳಗೂ ತಗಡು ಉಜ್ಜುವ ಅರದ ಗೀರುಗಳು. ಕಾರು ಬಗ್ಗಿದಂತೆಲ್ಲ ಯಾರೋ ಬಾಗಿಲನ್ನೇ ಉಜ್ಜಿ ಹೊಂದಿಸುತ್ತ ಬಂದಿದ್ದರು. ಸವೆದು ತೂತಾದ ಕಡೆ ಹಿತ್ತಾಳೆ ಬೆಸೆದು ಮತ್ತೆ ಉಜ್ಜಿದ್ದರು. ಕೂದಲೆಳೆಯಂಥ ಗೀರುಗಳು. ಯಾವ ಗ್ಯಾರೇಜಿನಲ್ಲಿ ಇಷ್ಟು ಸಣ್ಣ ಅರ ಇರುತ್ತದೆ? ಬೈಯಲು ಬಾಯಿ ತೆರೆದವನು ಆ ನಾಜೂಕಿಗೆ ಸೋತುಹೋದ.

ನರ್ಸಮ್ಮನನ್ನು ಕರೆಸಿ ತೋರಿಸಿದ. ಅವರು ಅಂಚಿನ ಮೇಲೆ ಬೆರಳಾಡಿಸಿ, ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟರು. ಅವರ ಯಜಮಾನರದು ಕನ್ನಡಕದ ಅಂಗಡಿ; ಫ್ರೇಮು ಉಜ್ಜಲು ಅಂಥದೇ ಸಣ್ಣ ಅರ ಇಟ್ಟಿದ್ದರು.

“ಭಾನುವಾರ ಕಾರು ತೊಳಿತೀನಿ ಅಂತ ಹೋದ್ರೆ ಊಟದ ಹೊತ್ತಿಗೇ ಒಳಗೆ ಬರೋರು. ಇಷ್ಟು ಪುಟ್ಟ ಕಾರಿಗೆ ಇಷ್ಟೊತ್ತಾ ಅಂತ ರೇಗಿಸ್ತಿದ್ದೆ,” ಎಂದರು. ಮತ್ತೆ ಅಂಚನ್ನು ಸವರುತ್ತ ಕೇಳಿದರು: “ಕಾರು ಕುಸೀತಿದೆ ಅಂತ ನಂಗೆ ಯಾಕೆ ಹೇಳಲಿಲ್ಲ?”

ಬೇರೆಯವರ ‘ಯಾಕೆ’ಗೆ ಉತ್ತರ ಹೇಳಿ ಯಾಕಣ್ಣನಿಗೆ ಅಭ್ಯಾಸವಿರಲಿಲ್ಲ. “ಅವ್ರಿಗೆ ಅದು ಗೊತ್ತೇ ಇರ್ಲಿಲ್ಲ ಅನ್ಸುತ್ತೆ ಅಮ್ಮಾ. ನಿಮ್ಮ ಬಾಗಿಲು ಬಿಗಿಯಾಗ್ತಿದೆ ಅಂತಷ್ಟೇ ಗೊತ್ತಿತ್ತು. ಕನ್ನಡಕದವ್ರು ಮುಖ ತಿದ್ದೋಕಾಗುತ್ತಾ? ಫ್ರೇಮ್ ತಿದ್ತಾರೆ.”

ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಬಾಗಿಲಿಗೆ ಹೊಸ ಅಂಚು ಬೆಸೆದು ಸಂದು ಮುಚ್ಚುತ್ತೇನೆಂದು ಅವನು ಹೇಳಿದಾಗ ಮಾತ್ರ ಆ ಅಂಚಿನ ಮೇಲಿದ್ದ ಕೈ ತೆಗೆಯಲಿಲ್ಲ.

“ಇದನ್ನ ಮುಟ್ಟಬೇಡ,” ಎಂದರು.

ಯಾಕಣ್ಣ ಯಾಕೆ ಎನ್ನಲಿಲ್ಲ. ಬಾಗಿಲನ್ನು ಹಾಗೇ ಬಿಟ್ಟು, ನೆಟ್ಟಗಿದ್ದ ಕಂಬಕ್ಕೇ ತಗಡು ಬೆಸೆಯುತ್ತ, ಉಜ್ಜುತ್ತ, ಆ ಗೀರುಗಳ ಅಳತೆಗೆ ತಂದ. ಒಪ್ಪಿಸುವ ದಿನ ನರ್ಸಮ್ಮ ಚಾಲಕನ ಸೀಟಿನಲ್ಲಿ ಕೂತು, ಒಂದೇ ಬೆರಳಿಂದ ಬಾಗಿಲು ಎಳೆದುಕೊಂಡರು. ಮುಚ್ಚಿತು. ಮತ್ತೆ ತೆರೆದು, ಅಂಚನ್ನೊಮ್ಮೆ ಸವರಿ, ಮತ್ತೆ ಮುಚ್ಚಿಕೊಂಡರು.