ಪಾಪಕ್ಕನ ಬಾಗಿಲಿಗೆ ಬೇವಿನ ಸೊಪ್ಪು

ಬಡವನಹಳ್ಳಿ ಹತ್ತಿರದ ಒಂದು ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು ಪಾಪಕ್ಕ. ಆ ಕೆಲಸ ಅವಳಿಗೆ ಸುಮ್ಮನೆ ದಕ್ಕಿದ್ದಲ್ಲ. ಕೇರಿಯ ಹೆಂಗಸು ಮಾಡಿದ್ದನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಮುಖ ತಿರುಗಿಸಿದ ಊರಿನವರು ಆಮೇಲೆ ಅವಳ ಸಾರಿನ ರುಚಿಗೆ ಸೋತು ತೆಪ್ಪಗಾಗಿದ್ದರು. ಆಗೆಲ್ಲ ಅವಳ ಬೆನ್ನಿಗೆ ನಿಂತವಳು ವಾರಗಿತ್ತಿ ಸುನಿತಾ. ಹಿಂದೆ ಊರ ಹೋಟೆಲಿನಲ್ಲಿ ತಮ್ಮ ಅತ್ತೆಯ ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದುದನ್ನು ನೆನೆದು ಇಬ್ಬರೂ ಒಟ್ಟಿಗೆ ಕೂತು ಬಾಯ್ತುಂಬ ಬೈದವರು.

ದಸರಾ ರಜೆ ಮುಗಿದ ವಾರ ಪಾಪಕ್ಕನಿಗೆ ಇದ್ದಕ್ಕಿದ್ದಂತೆ ಜ್ವರ ಬಂತು. ಬೆಳಗಾಗುವಷ್ಟರಲ್ಲಿ ಮುಖ, ಕುತ್ತಿಗೆ, ತೋಳಿನ ಮೇಲೆಲ್ಲ ಕೆಂಪು ಗುಳ್ಳೆ. ಮುಟ್ಟಿದರೆ ಜೀವ ಹೋಗುವಂಥ ನೋವು. ಸುನಿತಾಳೇ ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

"ಇದು ಬಲು ಅಪರೂಪದ ಕಾಯಿಲೆ. ಮೈಮೇಲೆ ಏಳುವ ಅಮ್ಮ ಅಲ್ಲ, ಅಂಟುರೋಗವೂ ಅಲ್ಲ. ಮಾತ್ರೆಗೆ ಇಳಿಯುತ್ತೆ," ಎಂದರು ಡಾಕ್ಟರು.

ಬಸ್ಸಿನಲ್ಲಿ ಸುನಿತಾ ಅವಳ ಕೈ ಹಿಡಿದುಕೊಂಡೇ ಬಂದಳು. "ಜ್ವರ ಬುಟ್ಮೇಲೆ ಬಾ ಅಕ್ಕ. ಅಲ್ಲೀಗಂಟ ಇಸ್ಕೂಲಿನ ಒಲೆ ನಾನ್ ನೋಡ್ಕಮ್ತೀನಿ," ಎಂದಳು. ಪಾಪಕ್ಕ ನಂಬಿದಳು. ನಂಬದೆ ಇನ್ನೇನು ಮಾಡಿಯಾಳು?

ಮಾರನೆಯ ಬೆಳಿಗ್ಗೆ ಕದ ತೆಗೆದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಮೈಮೇಲೆ ಅಮ್ಮ ಎದ್ದ ಮನೆಗೆ ಸಿಕ್ಕಿಸುವ ಸೊಪ್ಪು. ಅದನ್ನು ಕಂಡವರು ಯಾರೂ ಹೊಸಿಲು ತುಳಿಯುವುದಿಲ್ಲ. ಎದುರು ಮನೆಯ ದೊಡ್ಡಕ್ಕ ದೂರದಿಂದಲೇ ಹೇಳಿದಳು: "ಸಿಕ್ಸಿದ್ದು ನಿನ್ನ ವಾರಗಿತ್ತೀನೇ ಕಣಮ್ಮ. ಅಮ್ಮ ಆಗೈತೆ, ಮಕ್ಳಿಗೆ ಅಂಟ್ಬುಟ್ರೆ ಹೆಂಗೆ ಅಂತ ಇಸ್ಕೂಲ್ನಾಗೂ ಹೇಳ್ಬಂದವ್ಳೆ."

ಪಾಪಕ್ಕನಿಗೆ ಗುಳ್ಳೆಯ ಉರಿಯೇ ಮರೆತುಹೋಯಿತು. ಊರಿನವರು ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಡಾಕ್ಟರ ಮಾತನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡವಳ ಮೇಲೆ ಏನಂತ ಜಗಳ ತೆಗೆಯುವುದು? ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು.

ಮಾತ್ರೆಗೆ ಗುಳ್ಳೆಗಳು ಬೇಗ ಬಾಡಿದವು. ಪಾಪಕ್ಕ ಸೊಪ್ಪು ಕಿತ್ತೆಸೆದು, ಸೆರಗು ಬಿಗಿದು ಶಾಲೆಗೆ ನಡೆದಳು. ಒಲೆಯ ಮುಂದೆ ಸುನಿತಾ, ಕೈಯಲ್ಲಿ ಸಾರಿನ ಸೌಟು.

"ಒಲೆ ಬುಡು. ನಂಗೆ ವಾಸಿಯಾಗೈತೆ."

"ಇನ್ಮ್ಯಾಕೆ ನೀನೇ ಮಾಡು ಅಂತ ನಂಗೆ ಹೇಳವ್ರೆ ಮೇಷ್ಟ್ರು," ಎಂದಳು ಸುನಿತಾ, ನೆಲ ನೋಡುತ್ತ.

ಬಿಸಿಲಲ್ಲಿ ಬಂದಿದ್ದ ಪಾಪಕ್ಕನ ಗಂಟಲು ಒಣಗಿತ್ತು. ನೀರು ಕೇಳಿದಳು. ಸುನಿತಾ ಚೊಂಬು ತಂದಳು, ಆದರೆ ಕೈಗೆ ಕೊಡಲಿಲ್ಲ.

"ಬೊಗಸೆ ಹಿಡಿ ಅಕ್ಕ," ಎಂದು ಮೇಲಿನಿಂದ ಹುಯ್ದಳು.

ಪಾಪಕ್ಕ ಕೈ ಒಡ್ಡಲಿಲ್ಲ. ನೀರು ನೆಲಕ್ಕೆ ಬಿತ್ತು.

"ಅತ್ತೆ ಇರ್ಬೇಕಿತ್ತು ಕಣೇ, ನಿನ್ನ ನೋಡಾಕೆ," ಎಂದು ಹೇಳಿ ಬಾಯಾರಿಕೊಂಡೇ ಮನೆ ಕಡೆ ಹೊರಟಳು.