ಸಂಸಾರ ಅಲ್ಲದ ಮನೆ

ಹೆರಿಗೆ ವಾರ್ಡಿನಲ್ಲಿ ಕೂದಲು ನರೆಯುವವರೆಗೆ ದುಡಿದು ನಿವೃತ್ತಳಾದ ಆಕೆಯನ್ನು ಬೀದಿಯವರೆಲ್ಲ ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಮದುವೆಯ ಗೋಜಿಗೆ ಹೋದವಳಲ್ಲ. ದುಡಿಮೆಯ ಹಣದಲ್ಲಿ ಒಂದು ಮನೆ ಕೊಂಡಿದ್ದಳು: ಮೂರು ಕೋಣೆ, ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ, ಹತ್ತಲು ಒಂದು ಮೆಟ್ಟಿಲೂ ಇಲ್ಲ.

ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದ, ಎಲ್ಲರೂ ಬಟ್ಟೆಯಕ್ಕ ಎನ್ನುತ್ತಿದ್ದ ಗೆಳತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ಕೊನೆಗೆ ಪೂರ್ತಿ ಹೋಯಿತು. ಮೇಲ್ಮಹಡಿಯ ಬಾಡಿಗೆ ಕೋಣೆಯಿಂದ ಕೆಳಗಿಳಿಯುವುದನ್ನೇ ಬಿಟ್ಟಳು. ಸುದ್ದಿ ಕೇಳಿದ ಸಿಸ್ಟರ್ ಹೋಗಿ, "ಗಂಟು ಕಟ್ಟು, ನಡಿ ನಮ್ಮನೆಗೆ" ಎಂದಳು. ಆಸ್ಪತ್ರೆಯ ಅಡುಗೆಯಾಕೆ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯ ಹಜಾರದಲ್ಲಿ ಮಲಗುತ್ತಿದ್ದವಳು, "ನನ್ನನ್ಯಾಕೆ ಕರೀಲಿಲ್ಲ?" ಎಂದು ಜಗಳಕ್ಕೇ ಬಂದು ಅಲ್ಲೇ ಉಳಿದಳು.

ಚೆನ್ನಾಗಿಯೇ ಇದ್ದರು. ಗೋಡೆ ಸವರುತ್ತ ಸವರುತ್ತ ಬಟ್ಟೆಯಕ್ಕ ಇಡೀ ಮನೆ ಕಲಿತುಬಿಟ್ಟಳು. ಬಚ್ಚಲಿಗೆ, ಹಿತ್ತಲಿಗೆ ಯಾರ ಕೈಯೂ ಬೇಕಿರಲಿಲ್ಲ. ಒಣಗಿದ ಬಟ್ಟೆ ಮೂಸಿ, ಯಾರದೆಂದು ಹೇಳಿ ಮಡಚುತ್ತಿದ್ದಳು.

"ನಿನ್ ಬಟ್ಟೆ ಎಷ್ಟು ಒಗೆದ್ರೂ ಈರುಳ್ಳಿ ನಾತ ಬಿಡಲ್ಲ ಕಣೇ."

"ಕಣ್ಣು ಹೋಯ್ತು, ಬಾಯಿ ಹೋಗ್ಲಿಲ್ಲ ನೋಡು!" ಎನ್ನುತ್ತಿದ್ದಳು ಅಡುಗೆಯಾಕೆ.

ಎದುರುಮನೆಯವರಿಗೆ ಇದು ಸೇರಲಿಲ್ಲ. ಇವತ್ತು ಮೂವರು ಮುದುಕಿಯರು, ನಾಳೆ ಹಾಸ್ಟೆಲು, ಆಮೇಲೆ ನಮ್ಮ ಮನೆಗಳಿಗೆ ಬೆಲೆ ಎಲ್ಲಿ ಎಂದು ನಗರಸಭೆಗೆ ದೂರು ಕೊಟ್ಟರು. ಆ ಬಡಾವಣೆಯ ನಿಯಮದಂತೆ ಒಂದು ಮನೆಗೆ ಒಂದೇ ಸಂಸಾರ. ರಕ್ತಸಂಬಂಧವೋ ಮದುವೆಯೋ ಇಲ್ಲದವರು ಕೂಡಿ ಬಾಳಿದರೆ ಅದು ಮನೆಯಲ್ಲ, ವಸತಿಗೃಹ. ಆ ಬೀದಿಯಲ್ಲಿ ವಸತಿಗೃಹಕ್ಕೆ ಜಾಗವಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮೆತ್ತಗಿನ ಮನುಷ್ಯ. "ನೀವು ಮೂವರು ಒಬ್ರಿಗೊಬ್ರು ಏನಾಗ್ಬೇಕಮ್ಮಾ?" ಎಂದ.

"ಏನಾಗ್ಬೇಕು ಅಂದ್ರೆ? ಇವಳು ಬಿದ್ರೆ ನಾನು ಎತ್ಬೇಕು. ನಾನು ಮಲಗಿದ್ರೆ ಅವಳು ಗಂಜಿ ಕುಡಿಸ್ಬೇಕು. ಇನ್ನೇನಾಗ್ಬೇಕು?" ಎಂದಳು ಸಿಸ್ಟರ್.

"ಅದು ನಿಯಮದಲ್ಲಿ ಬರಲ್ಲಮ್ಮಾ."

ಸಿಸ್ಟರ್ ನಗರಸಭೆಯ ಸಭೆಗೇ ಹೋಗಿ ನಿಂತು ಇದನ್ನೇ ಹೇಳಿದಳು. ಸದಸ್ಯರು ತಲೆದೂಗಿದರು. ವಯಸ್ಸಾದವರಿಗೆ ಅನುಕೂಲವಾಗುವಂತೆ ನಿಯಮ ತಿದ್ದೋಣ, ಸಮಿತಿ ಮಾಡೋಣ ಎಂದರು. ಅಲ್ಲಿಯವರೆಗೆ ಹಳೆಯದೇ ನಿಯಮ. ಮೀರಿದರೆ ದಂಡ, ಅದಕ್ಕೂ ಬಗ್ಗದಿದ್ದರೆ ಮನೆಗೆ ಬೀಗ.

ಅಂದು ಸಂಜೆ ಬಟ್ಟೆಯಕ್ಕನೇ ಬಾಯಿ ಬಿಟ್ಟಳು. "ನಿನ್ ಮನೆಗೆ ಬೀಗ ಬಿದ್ರೆ ಮೂವರೂ ಬೀದಿಪಾಲು. ನಾನು ಹೋಗ್ತೀನಿ."

ಅಡುಗೆಯಾಕೆ ಅಳುತ್ತ ತಮ್ಮನ ಮನೆಗೆ ಹಿಂದಿರುಗಿದಳು. ಬಟ್ಟೆಯಕ್ಕನಿಗೆ ಊರಾಚೆಯ ವೃದ್ಧಾಶ್ರಮದ ಉದ್ದ ಹಜಾರದಲ್ಲೊಂದು ಮಂಚ ಸಿಕ್ಕಿತು. ಸಿಸ್ಟರ್ ವಾರವಾರವೂ ಬಸ್ಸು ಬದಲಿಸಿ ಹೋಗಿ, ಅವಳ ಉಗುರು ಕತ್ತರಿಸಿ, ತಲೆ ಬಾಚಿ ಬರುತ್ತಿದ್ದಳು.

"ಇಲ್ಲಿ ಗೋಡೆ ಎಲ್ಲಾ ಒಂದೇ ಥರ ಕಣೇ, ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ" ಎಂದಳು ಒಮ್ಮೆ ಬಟ್ಟೆಯಕ್ಕ. ಬಚ್ಚಲ ಬಾಗಿಲ ಪಕ್ಕದಲ್ಲೇ ಕೆಳಗಿಳಿಯುವ ಮೆಟ್ಟಿಲಿನ ಬಾಗಿಲಿತ್ತು. ಒಂದು ಬೆಳಿಗ್ಗೆ ಬಚ್ಚಲೆಂದು ಅದನ್ನು ತೆರೆದು ಕಾಲಿಟ್ಟಳು. ಸೊಂಟ ಮುರಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಿಯಮ ಬದಲಾಯಿತು. ಸಂಬಂಧವಿರಲಿ ಬಿಡಲಿ, ನಾಲ್ವರವರೆಗೆ ಹಿರಿಯರು ಒಂದೇ ಮನೆಯಲ್ಲಿ ಇರಬಹುದು. ಅಡುಗೆಯಾಕೆ ಅದೇ ವಾರ ಗಂಟು ಹೊತ್ತು ಬಂದಳು. ಹಿಂದೆಯೇ ಅದೇ ಅಧಿಕಾರಿ ಕ್ಯಾಮೆರಾದವನನ್ನು ಕರೆದುಕೊಂಡು ಬಂದ. ಹೊಸ ನಿಯಮದ ಮೊದಲ ಮನೆಯಂತೆ, ಫೋಟೊ ಬೇಕಂತೆ.

"ಇನ್ನೊಬ್ಬರನ್ನೂ ಇಟ್ಕೋಬಹುದಮ್ಮಾ ಈಗ," ಎಂದ.

"ಇಟ್ಕೊಂಡಿದ್ವಿ," ಎಂದು ಸಿಸ್ಟರ್ ಬಾಗಿಲು ಹಾಕಿಕೊಂಡಳು.

ಬಟ್ಟೆಯಕ್ಕನ ಕೋಣೆಗೆ ಮುಂದೆ ನಿವೃತ್ತ ಟೈಪಿಸ್ಟ್ ಒಬ್ಬಳು ಬಂದಳು. ಒಳ್ಳೆಯ ಹೆಂಗಸು, ಯಾರ ತಂಟೆಗೂ ಹೋಗುವವಳಲ್ಲ. ಆದರೂ ಸಿಸ್ಟರ್ ಅವಳೊಂದಿಗೆ ಮುಖ ಕೊಟ್ಟು ಮಾತಾಡಲು ಬಹಳ ಕಾಲ ಹಿಡಿಯಿತು.