ಬೆನಕಪ್ಪನವರ ಅಂಗಳದಲ್ಲಿ ನಾನೊಂದು ಗಿಡ

ಕೊಟ್ಟೂರಿನ ನಮ್ಮ ಓಣಿಯಲ್ಲಿ ಹೊಸ ಮನೆ ಕಟ್ಟಿಸಿರುವ ಬೆನಕಪ್ಪನವರಿಗೆ, ಗಿಡ ನೆಡುವ ಮೊದಲು ಮನುಷ್ಯರನ್ನು ನೆಟ್ಟು ನೋಡುವ ಚಟ. ಹಾಲಿನವನು ಗೇಟಿನ ಬಳಿ ಅಶೋಕ ಮರವಾಗಿ ನಿಂತಿದ್ದಾನೆ. ಕರೆಂಟಿನ ಮೀಟರ್ ನೋಡಲು ಬಂದವನು ಕ್ರೋಟನ್ ಆಗಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಪಕ್ಕದ ಮನೆಯವನಾದ ನಾನಂತೂ ವಾರವಿಡೀ ಗಿಡವೇ. ಅವರು ರಸ್ತೆಯಾಚೆ ನಿಂತು, ಕಣ್ಣು ಕಿರಿದು ಮಾಡಿ, "ಹಿಂದಕ್ಕ ಸರೀರಿ, ಕಿಟಕಿ ಮುಚ್ಚಾಕತ್ತೀರಿ" ಎಂದು ಕೂಗುತ್ತಾರೆ. ಇಷ್ಟಾಗಿಯೂ ಇವತ್ತು ನೆಟ್ಟದ್ದನ್ನು ನಾಳೆ ಕಿತ್ತು ಬೇರೆ ಕಡೆ ನೆಡುತ್ತಾರೆ. ಹೂವಿನ ಗಿಡವೆಂದರೆ ಮಾತ್ರ ಸಿಡುಕು: "ಪೂಜಿಗೆ ಅಂತ ಮಂದಿ ಗಿಡಾನ ಬೋಳು ಮಾಡಿ ಹೋಗ್ತಾರ." ಮನೆ ಕಟ್ಟುವ ಮೊದಲಿನಿಂದಲೂ ಅಂಗಳದಲ್ಲಿರುವ ಕಣಗಿಲದ ಹೂವಿಗೆ ನಸುಕಿನಲ್ಲೇ ಚೀಲ ಹಿಡಿದು ಬರುವ ಎದುರುಮನೆಯ ಪಕ್ಕೀರಮ್ಮಜ್ಜಿಯ ಜೊತೆ ಅವರದು ದಿನಾ ಜಗಳ. ಇವತ್ತು ಅದೇನಾಯಿತೋ, ನನ್ನನ್ನು ದಾಸವಾಳ ಮಾಡಿ ಕಾಂಪೌಂಡಿನ ಮೂಲೆಯಲ್ಲಿ ನಿಲ್ಲಿಸಿ, ಕೈಯನ್ನು ಗೋಡೆಯಾಚೆ ರಸ್ತೆಯ ಕಡೆಗೆ ಚಾಚಿಸಿದರು. "ಟೊಂಗಿ ಇನ್ನಾ ಕೆಳಗ ಬರ್ಲಿ. ಇನ್ನಾ ಕೆಳಗ." ರಟ್ಟೆ ಸೋತು ನನಗೆ ರೇಗಿತು: "ಇಷ್ಟು ಕೆಳಗಾದ್ರ ಒಂದು ಹೂವೂ ಉಳಿಯಂಗಿಲ್ಲ ನೋಡ್ರಿ!" ಬೆನಕಪ್ಪನವರು ನನ್ನನ್ನೇ ಗದರಿದರು: "ಆ ಮುದುಕಿಗೆ ಈಗ ಕೈ ಮ್ಯಾಲೆತ್ತಾಕ ಆಗವಲ್ದು. ಸುಮ್ಮನ ಇಳಸ್ರಿ." ಅಜ್ಜಿಯ ಬಾಗಿದ ಬೆನ್ನನ್ನು ನೆನೆದು, ನಾನು ಕೈ ಇನ್ನಷ್ಟು ಇಳಿಸಿದೆ.